ತಪ್ಪೇನೂ ಇಲ್ಲ

ಮೊದಲ ಸಲ ನಿಂತದ್ದು ಎಚ್. ಕ್ರಾಸಿನಲ್ಲಿ,
ಮೀಟರಿನಲ್ಲಿ ಮುನ್ನೂರ ಹನ್ನೊಂದು ಕಿಲೋಮೀಟರು.
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ,
ಶೋರೂಮಿನವರು ಕಟ್ಟಿದ ನಿಂಬೆಹಣ್ಣು ಬಾಡಿರಲಿಲ್ಲ.
ಕೆಮ್ಮಲಿಲ್ಲ, ತೊದಲಲಿಲ್ಲ,
ಮಾತಿನ ನಡುವೆ ಎದ್ದುಹೋದ ನೆಂಟನ ಹಾಗೆ
ಸುಮ್ಮನಾಯಿತು.

ನಾನು ರೀಲರು. ಶಿಡ್ಲಘಟ್ಟದಲ್ಲಿ
ಹನ್ನೆರಡು ಬೇಸಿನ್ನಿನ ರೇಷ್ಮೆ ಘಟಕ.
ಇಪ್ಪತ್ತೆರಡು ವರ್ಷ ಒಂದೇ ಹಬೆಯಲ್ಲಿ ನಿಂತವನು
ನಲವತ್ತೊಂಬತ್ತಕ್ಕೆ ಟೂರಿಂಗ್ ಬೈಕು ಕೊಂಡೆ:
ಎರಡೂ ಪಕ್ಕ ಅಲ್ಯೂಮಿನಿಯಂ ಪೆಟ್ಟಿಗೆ,
ಇಪ್ಪತ್ತು ಲೀಟರಿನ ಟ್ಯಾಂಕು,
ಒಳಜೇಬಿನಲ್ಲಿ ಸ್ಪಿತಿಯ ನಕ್ಷೆ.
ತಸ್ಲೀಮಾ ಸುತ್ತ ಒಂದು ಪ್ರದಕ್ಷಿಣೆ ಬಂದು ಹೇಳಿದ್ದು ಇಷ್ಟೆ:
"ಪೆಟ್ಟಿಗೆ ದೊಡ್ಡದಿದೆ. ಐದೈದು ಕೆಜಿ ಗೂಡು ಹಿಡಿಸುತ್ತೆ."

ಎರಡನೆಯದು ದಿಬ್ಬೂರಹಳ್ಳಿಯ ತಿರುವಿನಲ್ಲಿ, ದೀಪ ಹಚ್ಚುವ ಹೊತ್ತು.
ಪಂಪು ಎಂದರು. ಬದಲಿಸಿದರು.
ಮೂರನೆಯದು ರೈಲ್ವೆ ಗೇಟು ದಾಟಿ ಹೊರಳುತ್ತಿದ್ದಂತೆ.
ಸೆನ್ಸರ್ ಎಂದರು. ಬದಲಿಸಿದರು.
ನಾಲ್ಕಕ್ಕೆ ರೆಕ್ಟಿಫೈಯರು.
ಐದಕ್ಕೆ, "ಪೆಟ್ರೋಲು ಎಲ್ಲಿ ಹಾಕಿಸ್ತೀರಿ ಸಾರ್?"

ಶೋರೂಮಿನ ತಂಪಿನಲ್ಲಿ, ಗೋಡೆಯ ತುಂಬ ಹಿಮದ ಬೆಟ್ಟ,
ಅದರ ಸೊಂಟದಲ್ಲಿ ನನ್ನದೇ ಬಣ್ಣದ ಬೈಕು
ಯಾವ ಜನ್ಮದಲ್ಲೂ ನಿಂತು ಗೊತ್ತಿಲ್ಲದ ಹಾಗೆ ವಾಲಿದೆ.
ಹುಡುಗ ಲ್ಯಾಪ್‌ಟಾಪಿನ ವೈರು ಚುಚ್ಚುತ್ತಾನೆ,
ಹಸಿರು ಗೆರೆಗಳು ಏಳುತ್ತವೆ.
"ತಪ್ಪೇನೂ ಇಲ್ಲ ಸಾರ್. ನೋಡಿ ನೀವೇ, ತಪ್ಪೇನೂ ಇಲ್ಲ."
ನಿಜವೇ. ಅಲ್ಲಿ ಎಷ್ಟು ಚಂದ ಗುರುಗುಡುತ್ತದೆ,
ಡಾಕ್ಟರ ಬಾಗಿಲಲ್ಲಿ ಜ್ವರ ಬಿಟ್ಟ ಕೂಸಿನಂತೆ.
ಸಹಿ ತೆಗೆದುಕೊಳ್ಳುತ್ತಾರೆ.
ಐದು ನಕ್ಷತ್ರ ಒತ್ತಿ ಹೋಗಿ ಎನ್ನುತ್ತಾರೆ.

ಆರನೆಯ ಸಲ ಅದು ಮನೆಗೆ ಬಂದದ್ದು ಮಲಗಿಕೊಂಡು,
ವೆಂಕಟರೋಣಪ್ಪನ ಆಟೋದಲ್ಲಿ, ಹಿಪ್ಪುನೇರಳೆ ಸೊಪ್ಪಿನ ಮೇಲೆ.
"ಏಮಾಯೆ ಭಾಯ್, ಕೊತ್ತ ಬಂಡಿ ಕದಾ?"
ಬಾಡಿಗೆ ಬೇಡವೆಂದ.
ನಲುಗಿದ ಸೊಪ್ಪಿಗೆ ಮಾತ್ರ ಲೆಕ್ಕ ಹಾಕಿದ.
ಮರುದಿನ ಗೂಡಿನ ಮಾರುಕಟ್ಟೆಯಲ್ಲಿ ಜಾಲರಿಯಿಂದ ಜಾಲರಿಗೆ
ನನ್ನ ಹೊಸ ಹೆಸರು ಹೋಗಿತ್ತು: ತಳ್ಳೋ ಭಾಯ್.

ಬೈಕನ್ನು ಘಟಕದೊಳಗೇ ಒರಗಿಸಿದೆ.
ಆವಲಮ್ಮ ಮುದ್ದೆ ಮುಗಿಸಿ, ಸೆರಗಿಗೆ ಕೈ ಒರೆಸುತ್ತ ಬಂದಳು,
ನೀರಿನಲ್ಲಿ ಬೆಂದು ಬೆಂದು ಬಿಳಿಚಿದ ಬೆರಳು.
ಇಂಜಿನ್ನಿನ ವಿಷಯ ಅವಳಿಗೆ ಬೇಡ;
ಕಣ್ಣಿಗೆ ಬೀಳದ ಎಳೆ ಕಡಿದಾಗ
ತುದಿ ಎಲ್ಲಿದೆಯೆಂದು ಗೊತ್ತು, ಅಷ್ಟೆ.
"ನೆಟ್ಟಗೆ ಹೋಗೋವಾಗ ನಿಲ್ಲುತ್ತಾ,
ಇಲ್ಲಾ ತಿರುಗಿಸಿದಾಗಲಾ?"

ಯಾರೂ ಕೇಳಿರಲಿಲ್ಲ. ನಾನೂ.
ಆರು ಜಾಗ ನೆನೆದೆ. ಆರೂ ತಿರುವು. ಆರೂ ಎಡಕ್ಕೆ.

ಹ್ಯಾಂಡಲಿನ ಕೊರಳಲ್ಲಿ ಕಪ್ಪು ಕೊಳವೆ ಬಿಡಿಸಿದೆ.
ಒಂದೊಂದೇ ವೈರನ್ನು ಹೆಬ್ಬೆರಳಿನಲ್ಲಿ ಹೊಸೆಯುತ್ತ ಹೋದಳು,
ಕಣ್ಣು ಮುಚ್ಚಿ, ದಾರದ ದಪ್ಪ ಅಳೆಯುವ ಹಾಗೆ.
ಐದನೆಯದರಲ್ಲಿ ತಡೆದಳು.
"ಇಲ್ಲಿ ನೋಡು. ಮೇಲೆ ತೊಗಲಿದೆ, ಒಳಗೆ ಜೀವ ಇಲ್ಲ."

ಸೀಳಿ, ಹೊಸೆದು, ಟೇಪು ಸುತ್ತಿದೆ.
ಗಂಟು ದಪ್ಪವಾಯಿತೆಂದು ಬೈದು
ಅವಳು ತನ್ನ ಬೇಸಿನ್ನಿಗೆ ಹೋದಳು.
ವಾರಂಟಿ ಹೋಯಿತು ಎಂದರು ಶೋರೂಮಿನವರು, ಬಹಳ ನೊಂದ ದನಿಯಲ್ಲಿ.

ಮೊನ್ನೆ ಭಾನುವಾರ ಬಾಗೇಪಲ್ಲಿ ಟೋಲು ದಾಟಿದೆ.
ತೊಂಬತ್ತರ ವೇಗದಲ್ಲಿ ಬಂಡೆ ಬೆಟ್ಟಗಳಿದ್ದವಂತೆ, ನಾನು ನೋಡಲಿಲ್ಲ;
ಇಡೀ ದೇಹ ಒಂದೇ ಕಿವಿಯಾಗಿ ಕೂತಿತ್ತು.
ಪ್ರತಿ ಎಡ ತಿರುವಿಗೂ
ಹೊಟ್ಟೆಯೊಳಗೆ ಒಂದೆಳೆ ಬಿಗಿಯಿತು, ಸಡಿಲಿತು.
ಗಡಿಯಾಚೆ, ಕೊಡಿಕೊಂಡದಲ್ಲಿ, ಟೀ ಅಂಗಡಿ.
ಇಂಜಿನ್ ಆರಿಸದೆ ಇಳಿದೆ.

"ಆಫ್ ಮಾಡಿ ಸಾರ್, ಸುಮ್ಮನೆ ಪೆಟ್ರೋಲು..."
ಇರಲಿ ಎಂದೆ.
ಒಂದು ಕೈಯಲ್ಲಿ ಲೋಟ, ಇನ್ನೊಂದು ಟ್ಯಾಂಕಿನ ಮೇಲೆ.
ಸ್ಪಿತಿಗೆ ಇನ್ನು ಎರಡು ಸಾವಿರದ ಏಳುನೂರು ಕಿಲೋಮೀಟರು.
ಇನ್ನೊಂದು ಟೀ ಹೇಳಿದೆ.