ಏಳನೇ ಗಂಟು

ಅಂಗಡಿಯ ಬೋರ್ಡಿನಲ್ಲಿ ಮಾವ ಬರೆಸಿದ್ದು
'ಸಕಲ ಪೂಜಾ ಸಾಮಗ್ರಿ ದೊರೆಯುತ್ತದೆ.'
ಮಾಡಿನ ನೀರು ಸುರಿದೂ ಸುರಿದೂ
ಸಕಲ ಈಗ ಬರೀ 'ಕಲ'.

ಸಮಗ್ರ ಮಾಡುವುದಕ್ಕೆ ಸಾಮಗ್ರಿ,
ಒಂದು ಕಡಿಮೆ ಬಿದ್ದರೂ ಆ ಹೆಸರಿಲ್ಲ
ಎನ್ನುತ್ತಿದ್ದರು ಪೊಟ್ಟಣಕ್ಕೆ ದಾರ ಸುತ್ತುತ್ತ.
ಪೇಟೆಬೀದಿಯಲ್ಲಿ ಮೂವತ್ತು ವರ್ಷ ಕೂತೆ ನಾನು,
ಆ ಮಾತು ಬಾಯಲ್ಲಿ ಹಿಡಿದು ಬಂದವರನ್ನು ಕಾಣೆ.
ಪುರೋಹಿತರ ಚೀಟಿಯ ನೆತ್ತಿಯಲ್ಲಿರುತ್ತದೆ, ಕೆಳಗೆ ಎರಡು ಗೆರೆ.
ಚೀಟಿ ಹಿಡಿದವರು ಕೇಳುವುದು ಸಾಮಾನು.
ಮದುವೆ ಸಾಮಾನು. ವ್ರತದ ಸಾಮಾನು.
ಇನ್ನು ಕೆಲವರು, ನೆರಳಿಗೂ ಬಾರದೆ ರಸ್ತೆಯಲ್ಲೇ ನಿಂತು,
'ಆ ಸಾಮಾನು, ಒಂದು ಸೆಟ್ಟು.'
ಅವರಿಗೆ ನಾನು ಹೋಗಿ ಬನ್ನಿ ಅನ್ನುವುದಿಲ್ಲ.

ಚಿಕ್ಕತಾಯಮ್ಮ ಕೀಲಾರದ ಕಡೆಯವಳು.
ಒಂಬತ್ತೂವರೆ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕೂತು
'ಬೇಕಾದ್ದು ಹೇಳ್ತೀನಿ, ಕಟ್ಟವ್ವ' ಅಂದಳು.
ಚೀಟಿಯಿಲ್ಲ. ಸೆರಗಿನ ಅಂಚಿನಲ್ಲಿ ಏಳು ಗಂಟು.
ಮಿಮ್ಸ್ ಆಸ್ಪತ್ರೆಯಲ್ಲಿ ಮೊಮ್ಮಗಳು, ಮೂರು ದಿನದ ಕೂಸು.

ಒಂದು ಗಂಟು ಬಿಚ್ಚಿದಳು: ಬಜೆ.
ಇನ್ನೊಂದು: ಓಮ, ನೂರು ಗ್ರಾಂ, ಕಲ್ಲಿಲ್ಲದ್ದು.
ಒಣಶುಂಠಿ. ಹಿಪ್ಪಲಿ. ಹೊಗೆ ಹಾಕೋಕೆ ಹಾಲುಸಾಂಬ್ರಾಣಿ.
ಆರನೆಯದನ್ನು ಹಲ್ಲಿನಲ್ಲಿ ಕಚ್ಚಿ ಸಡಿಲಿಸಬೇಕಾಯಿತು:
ಜಾಯಿಕಾಯಿ, ಒಂದೇ ಒಂದು.
ಏಳನೆಯದರ ಮೇಲೆ ಕೈ ನಿಂತಿತು.
'ಇದೇನೋ ಬೇಕಾಗಿತ್ತಲ್ಲ...'

ನಾನು ಡಬ್ಬ ಇಳಿಸತೊಡಗಿದೆ.
ಮಾಚಿಕಾಯಿಯಾ? 'ಮನೇಲಿ ಮಡಗಿವ್ನಿ.'
ಅಳಲೆಕಾಯಿ? ಮೂಸಿ ನೋಡಿ ವಾಪಸ್ ಇಟ್ಟಳು.
ಉಡಿದಾರ? ಅರಿಸಿನದ ಕೊಂಬು?
'ಬೇಕಾದ್ದೇ ಕಣವ್ವ, ಆದ್ರೆ ಅದಲ್ಲ.'
ಕರ್ಪೂರಕ್ಕೆ ಬಂದ ಹುಡುಗ ಫೋನು ಹಿಡಿದೇ ನಿಂತಿದ್ದ,
ಸ್ಕ್ಯಾನ್ ಮಾಡಲು ಜಾಗ ಸಿಗದೆ.

ಡಬ್ಬಗಳ ನಡುವೆ ನನಗೆ ಏನೇನೋ ಯೋಚನೆ.
ಬೇಕು ಒಂಟಿಯಾಗಿದ್ದರೆ ಕೈ ಚಾಚುತ್ತದೆ.
ಇನ್ನೊಂದು ಮಾತಿನ ಬಾಲಕ್ಕೆ ಕಟ್ಟಿ ನೋಡಿ,
ಏಳಬೇಕು, ತೂಗಬೇಕು, ಬಾಗಿಲು ತೆಗೀಬೇಕು,
ಸೊಂಟ ಹಿಡಿಯುತ್ತದೆ.
'ಅವರು ನಮಗೆ ಬೇಕಾದವರು' ಅಂತಾರಲ್ಲ,
ಅದನ್ನು ಎಷ್ಟು ಗ್ರಾಂ ಅಂತ ಕಟ್ಟಲಿ?

ಲೆಕ್ಕ ಇನ್ನೂರ ಹನ್ನೆರಡಾಯಿತು.
ಗಂಟು ಗಂಟಾಗಿಯೇ ಹೊರಟಿತು.

ಹತ್ತು ನಿಮಿಷ ಆಗಿತ್ತೋ ಇಲ್ಲವೋ,
ಬಸ್ ಸ್ಟ್ಯಾಂಡಿನಿಂದ ಏದುಸಿರು ಬಿಡುತ್ತ ಬಂದಳು.
ಎಲೆಅಡಿಕೆ ಚೀಲದಿಂದ ಎಣಿಸಿ ಎಣಿಸಿ ತೆಗೆದು,
'ತಕ್ಕೊ. ಹೋದ್ ಹಬ್ಬದಲ್ಲಿ ಚಿಲ್ಲರೆ ಇರ್ನಿಲ್ಲ ಅಂತ
ಬುಟ್ಟಿದ್ದೆಯಲ್ಲ, ಹನ್ನೊಂದು ರೂಪಾಯಿ.
ಕೊಡಬೇಕಾದ್ದು ಕಣವ್ವ ಅದು.
ನಿನ್ ಡಬ್ಬದಲ್ಲಿ ಹುಡುಕಿದ್ರೆ ಎಲ್ ಸಿಕ್ಕದು!'

ಲೆಕ್ಕದ ಪುಸ್ತಕ ತಿರುವಿದೆ. ಬರೆದಿರಲಿಲ್ಲ.
ಅವಳು ಏಳನೇ ಗಂಟು ಬಿಚ್ಚಿ ಸೆರಗು ಕೊಡವಿದಳು,
ಅಂಚಿನುದ್ದಕ್ಕೂ ಸುಕ್ಕು.
ಬಸ್ಸು ಹೋಗಿತ್ತು, ಮುಂದಿನದು ಹನ್ನೆರಡಕ್ಕೆ.
ಮೆಟ್ಟಿಲ ಕಡೆ ಬಗ್ಗಿದವಳನ್ನು ತಡೆದು
ಒಳಗಿನ ಸ್ಟೂಲು ಎಳೆದು ಹಾಕಿದೆ, ಮಾವನದು.