ಅಂಗಿಯ ಒಳಮೈ

ಮುದಗಲ್ಲಿನ ಬಸ್ ನಿಲ್ದಾಣದೆದುರು ನನ್ನ ಜೆರಾಕ್ಸ್ ಅಂಗಡಿ.
ಮಧ್ಯಾಹ್ನ, ಕರೆಂಟು ಇದ್ದು ಗಿರಾಕಿ ಇಲ್ಲದ ಹೊತ್ತು,
ವಿಶ್ವಕೋಶದ ಆ ಪುಟ ತೆರೆಯುತ್ತೇನೆ.

ಹದಿಮೂರು ಕಂತಿನ ಹಳೆಯ ಧಾರಾವಾಹಿ,
ಕೋಟೆಗಾಗಿ ಎರಡು ರಾಜ್ಯ ಬಡಿದಾಡಿದ ಕಥೆ.
ಲೇಖನ ನಾಲ್ಕೇ ಸಾಲು. ಅಡಿಯಲ್ಲಿ ಒಂದು ಕೋರಿಕೆ:
"ಇದೊಂದು ಚುಟುಕು. ಬೆಳೆಸಲು ನೆರವಾಗಿ."
ಮೂರನೆಯ ಸಾಲು: ಚಿತ್ರೀಕರಣ, ಹಂಪಿ.

ಹಂಪಿಯಂತೆ!
ಕಲ್ಲು ಕಂಡಲ್ಲೆಲ್ಲ ಹಂಪಿ ಎನ್ನುವವರಿಗೆ
ನಮ್ಮೂರ ಕಂದಕ ಯಾವಾಗ ಕಂಡೀತು?
ಅಳಿಸಿದೆ. ಮುದಗಲ್ ಎಂದು ಬರೆದೆ.
ಎರಡು ನಿಮಿಷ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ,
ಬೀಗದ ಕೈ ಸಿಕ್ಕ ಕಿಲ್ಲೇದಾರನ ಹಾಗೆ.

ಸಂಜೆಗೆ ಯಾರೋ ಮತ್ತೆ ಹಂಪಿ ಮಾಡಿದ್ದರು.
ಪಕ್ಕದಲ್ಲಿ ಷರಾ: "ತಿರುಗಿಸಿದೆ. ಆಧಾರ ಬೇಕು."

ಆಧಾರವೆ?
ಆ ವರ್ಷ ನನಗೆ ಒಂಬತ್ತು.
ನಮ್ಮ ಅಬ್ಬಾ, ಟೇಲರ್ ದಾವಲಸಾಬ, ಎರಡು ಸೈನ್ಯ ಹೊಲಿದ.
ಬಂದವರ ಕೈಲಿದ್ದ ದುಡ್ಡು ಒಂದೇ ಸೈನ್ಯದ್ದು.
ನಲವತ್ತು ಮಂದಿ, ನಲವತ್ತು ಅಂಗಿ,
ಹೊರಮೈ ಕೆಂಪು, ಒಳಮೈ ನೀಲಿ.
ಬೆಳಿಗ್ಗೆ ಕೆಂಪಗೆ ಕೋಟೆ ಕಾದವರು
ಉಂಡು, ಕೈ ಒರೆಸಿ, ಅಂಗಿ ತಿರುವಿ,
ನೀಲಿಯಾಗಿ ಅದೇ ಕೋಟೆಗೆ ಲಗ್ಗೆ ಇಟ್ಟರು.
ಜಟಕಾ ಅಮರಪ್ಪ ಎರಡೂ ಕಡೆ ಸತ್ತ.
"ನನ್ನ ನಾನೇ ತಿವಿದೀನಿ ನೋಡವ್ವ," ಅಂತಿದ್ದ,
"ದಿನಕ್ಕ ಹದಿನೈದು ರೂಪಾಯಿ.
ಒಂದು ಸಾವಿಗೆ ಏಳೂವರಿ ಬಿತ್ತು."

ರಕ್ತಕ್ಕೆ ಬೆಲ್ಲದ ಪಾಕ, ಕುಂಕುಮ.
ಒಂಬತ್ತನೆಯ ಕಂತಿನ ಯುದ್ಧ ತಟ್ಟನೆ ನಿಲ್ಲುತ್ತದಲ್ಲ,
ಯಾಕೆಂದು ಯಾರೂ ಬರೆದಿಲ್ಲ.
ಇರುವೆ ಬಂದಿದ್ದವು.
ಹೆಣಗಳು ಒಂದೊಂದಾಗಿ ಎದ್ದು ಕೆರೆದುಕೊಂಡವು.

ಆಧಾರ: ಅಮರಪ್ಪ. ತೀರಿಕೊಂಡ. ಈ ಸಲ ಒಂದೇ ಸಾವು.
ಆಧಾರ: ಅವನ ಕುದುರೆ. ರಾಜನ ಸವಾರಿ ಬರುವಾಗ
ಕಿವಿಗೊಟ್ಟು ಕೇಳಿ, ಜಟಕಾದ ಗೆಜ್ಜೆ ಬಿಚ್ಚಲು ಮರೆತಿದ್ದಾರೆ.
ಆಧಾರ: ಅಬ್ಬಾನ ಅಳತೆ ಪುಸ್ತಕ.
ರಾಜ, ಎದೆ ಮೂವತ್ತಾರು, ಹೊಟ್ಟೆ ನಲವತ್ತೊಂದು.
ಮಂತ್ರಿ, ತೋಳು ಬಾಕಿ.
ರಾಣಿ, ಅಳೆದಿಲ್ಲ, ಹಳೇ ರವಿಕೆ ಕಳಿಸಿದ್ದಾರೆ.

ಫೋಟೊ ಹಿಡಿದು ಏರಿಸಿದೆ.
"ಮನೆಯ ಕಾಗದ ನಡೆಯದು," ಎಂದಿತು ಆ ಕಡೆ,
ವಿನಯದಿಂದಲೇ. ಕೆಟ್ಟ ಮನುಷ್ಯನೇನಲ್ಲ.
"ಅಚ್ಚಾದದ್ದು ಬೇಕು. ಕಂಡದ್ದು ಸಾಲದು."
ಸಿಟ್ಟು ಬಂತು, ಇಳಿಯಿತು.
ನಾನು ಮಾತ್ರ ಮೂಲಪ್ರತಿ ಇಲ್ಲದೆ
ಯಾರಿಗೆ ಜೆರಾಕ್ಸ್ ಮಾಡಿಕೊಟ್ಟಿದ್ದೇನೆ?

ಹನ್ನೊಂದನೆಯ ದಿನ ಚಳಿ ಹೆಚ್ಚಿತು,
ಕೌದಿಗೆಂದು ಅಮ್ಮಿಯ ಟ್ರಂಕು ಇಳಿಸಿದೆ.
ತಳಕ್ಕೆ ಹಾಸಿದ ಪೇಪರು,
ರಾಯಚೂರಿನ ಯಾವುದೋ ನಿಂತುಹೋದ ದಿನಪತ್ರಿಕೆ,
ನುಸಿಗುಳಿಗೆಯ ವಾಸನೆ, ಮಡಿಕೆಯಲ್ಲಿ ತೂತು:
"ಮುದಗಲ್ ಕೋಟೆಯಲ್ಲಿ ಟಿವಿ ಧಾರಾವಾಹಿ ಚಿತ್ರೀಕರಣ.
ನೂಕುನುಗ್ಗಲು. ಓರ್ವ ಬಾಲಕಿಗೆ ಗಾಯ."

ಬಾಲಕಿ ನಾನೇ.
ಹುಬ್ಬಿನ ಮೇಲೆ ಇಂದಿಗೂ ಗೆರೆ ಇದೆ.
ಅದನ್ನು ಬರೆಯಲಿಲ್ಲ.
ಪತ್ರಿಕೆಯ ಹೆಸರು, ದಿನಾಂಕ, ಪುಟ ಮೂರು, ಅಷ್ಟೆ.
ಹಂಪಿ ಹೋಯಿತು.
ಮುದಗಲ್ ನಿಂತು ಇವತ್ತಿಗೆ ಮೂರು ವಾರ.

ವಸ್ತ್ರವಿನ್ಯಾಸದ ಮನೆ ಇನ್ನೂ ಖಾಲಿ.
ದಿನಾ ಹೋಗಿ ನೋಡಿ ಬರುತ್ತೇನೆ.

ಕೌದಿಯೂ ಸಿಕ್ಕಿತು, ಹೇಳಲು ಮರೆತೆ.
ಅಮ್ಮಿ ಆರು ಅಂಗಿ ಬಿಚ್ಚಿ ಸೇರಿಸಿದ್ದು,
ಮೇಲೆ ಕೆಂಪು, ತಿರುವಿದರೆ ನೀಲಿ.
ಅಂಚಿನಲ್ಲೊಂದು ಕಂದು ಕಲೆ,
ಎಷ್ಟು ಒಗೆದರೂ ಹೋಗಿಲ್ಲ.
ಬೆಲ್ಲದ್ದೋ, ನನ್ನ ಹುಬ್ಬಿನದ್ದೋ,
ಆಧಾರವಿಲ್ಲ.