ನಲವತ್ತೊಂದನೆಯ ಪುಟ

ಹದಿನೈದು ದಿನಕ್ಕೊಮ್ಮೆ ಫೆರ್ರಿ ಹತ್ತಿ ಬರುವ
ಪುಸ್ತಕದ ವ್ಯಾನಿನಿಂದ ತಂದೆ ಇದನ್ನು.
ಬೆನ್ನು ಸಡಿಲ. ಮುಖಪುಟದಲ್ಲಿ ಕೋಟೆ, ಮೇಲೆ ಚಂದ್ರ,
ಕೆಳಗೆ ರಾತ್ರಿಯುಡುಪಿನಲ್ಲಿ ಓಡುವ ಹುಡುಗಿ.
ಈ ಹುಡುಗಿಯರು ಯಾಕೆ ಎಂದೂ ಚಪ್ಪಲಿ ಮೆಟ್ಟುವುದಿಲ್ಲವೋ.

ಜೂನ್ ತಿಂಗಳು. ಯೆಲ್ ದ್ವೀಪದಲ್ಲಿ ಈಗ ಇರುಳಿಲ್ಲ.
ಹನ್ನೆರಡು ಹೊಡೆದರೂ ಕಿಟಕಿಯಲ್ಲಿ
ನೀರು ಬೆರೆಸಿದ ಹಾಲಿನಂಥ ಬೆಳಕು.
ಕಥೆಯೊಳಗೆ ಮೇಣದಬತ್ತಿ ನಂದಿಹೋಗಿ
ಇಸೋರಾ ಗೋಡೆ ತಡವುತ್ತ ಮೆಟ್ಟಿಲಿಳಿಯುತ್ತಾಳೆ.
ನಾನು ದೀಪ ಹಚ್ಚದೆ, ಕನ್ನಡಕ ಮೂಗಿಗೇರಿಸಿ,
ಅವಳ ಕತ್ತಲನ್ನು ಓದುತ್ತೇನೆ
ಒಂದಕ್ಷರವೂ ತಪ್ಪದೆ.

ಥಾರ್ನೆಕ್ಕರಿಗೂ ವೇಲ್ಡನ್ನರಿಗೂ ನೂರು ವರ್ಷದ ಹಗೆ.
ವಿಷದ ಬಟ್ಟಲು, ಸುಟ್ಟ ಚರ್ಚು,
ಮದುವೆಯ ಹಿಂದಿನ ದಿನ ಬಾವಿಗೆ ಬಿದ್ದ ಹೆಣ್ಣು.
ಎರಡು ಮನೆಗಳ ನಡುವೆ ಕಾಡು.

ಕಾಡು ಅಂದರೆ ನನಗೆ ಕಷ್ಟ.
ನಮ್ಮ ಕಡೆ ಮರವಿಲ್ಲ, ಗಾಳಿ ಬಿಡುವುದಿಲ್ಲ.
ಎಪ್ಪತ್ತೊಂದು ವರ್ಷದಲ್ಲಿ ನಾನು ಸರಿಯಾಗಿ ನೋಡಿದ್ದು
ಅಬರ್ಡೀನಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಆರು ಮರ.
ಅವನ್ನೇ ನೆಟ್ಟು, ಪಕ್ಕದಲ್ಲಿ ಮತ್ತೆ ನೆಟ್ಟು,
ಇಸೋರಾಳಿಗೆ ಅಡಗಲು ಸಾಲುವಷ್ಟು ಮಾಡಿಕೊಂಡೆ.

ಇಲ್ಲೊಂದು ರೂಢಿಯಿದೆ, ವ್ಯಾನಿನವನಿಗೆ ಗೊತ್ತಿಲ್ಲ:
ಓದಿದ್ದನ್ನೇ ಮತ್ತೆ ತಾರದಿರಲೆಂದು
ಮುದುಕಿಯರು ನಾವು ಒಳಗೆಲ್ಲೋ ಗುರುತು ಹಾಕುತ್ತೇವೆ.
ಬಾಬಿಯದು ಏಳನೇ ಪುಟ, ಅಂಕಿಯ ಸುತ್ತ ಸೊನ್ನೆ.
ನನ್ನದು ಹತ್ತೊಂಬತ್ತು, ಕೆಳಗೊಂದು ಗೆರೆ.
ನಲವತ್ತೊಂದರಲ್ಲಿ ಗಾಳದಂಥ ಸಣ್ಣ ಕೊಕ್ಕೆ.
ಯಾರದೆಂದು ಕೇಳಬೇಕಿಲ್ಲ.
ಮೆರನ್ ಮೂವಟ್.
ಶಾಲೆಯ ಸ್ಲೇಟಿನಲ್ಲೂ ಹೀಗೇ ಎಳೆಯುತ್ತಿದ್ದಳು,
ಬಾಲ ಎಡಕ್ಕೆ.

ನಮಗೂ ಮೂವಟರಿಗೂ ಮಾತಿಲ್ಲ.
ವಿಷವಲ್ಲ, ಬಾವಿಯಲ್ಲ. ಒಂದು ತೊಲೆ.
ಅಜ್ಜನ ಕಾಲದಲ್ಲಿ ಕಡಲು ತಂದು ಹಾಕಿದ್ದು,
ಎಲ್ಲೋ ಒಡೆದ ಹಡಗಿನದು, ಇಪ್ಪತ್ತೆರಡು ಅಡಿ,
ಬುಡ ನಮ್ಮ ದಂಡೆಯಲ್ಲಿ, ತುದಿ ಅವರದರಲ್ಲಿ.
ಅಜ್ಜ ಹಗ್ಗ ತರಲು ಹೋದ.
ತರುವಷ್ಟರಲ್ಲಿ ಅದು ಮೂವಟರ ಅಂಗಳದಲ್ಲಿತ್ತು.
ಇಂದಿಗೂ ಅವರ ಸೂರು ಹೊತ್ತಿದೆ.
ನಮ್ಮದು ತಿಮಿಂಗಿಲದ ಎಲುಬಿನ ಮೇಲೆ ನಿಂತಿದೆಯೆಂದು
ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಸುಳ್ಳು.

ಇಷ್ಟಕ್ಕೆಲ್ಲ ಥಾರ್ನೆಕ್ಕರು ಕತ್ತಿ ಹಿರಿಯುತ್ತಿರಲಿಲ್ಲ.
ನಾವೂ ಹಿರಿಯಲಿಲ್ಲ.
ಚರ್ಚಿನಲ್ಲಿ ಬೇರೆ ಬೆಂಚು. ಅಂಗಡಿಯಲ್ಲಿ ಎದುರಾದರೆ
ಬ್ರೆಡ್ಡಿನ ಮೇಲಿನ ತಾರೀಖು ಓದುವುದು.
ಅವಳ ಗಂಡ ಮುಳುಗಿದ ವಾರ
ಬ್ಯಾನಕ್ ರೊಟ್ಟಿ ಬೇಯಿಸಿ, ಬಟ್ಟೆ ಮುಚ್ಚಿ,
ಕಲ್ಲುಗೋಡೆಯ ತನಕ ಹೋದೆ.
ಅಲ್ಲೇ ಕುರಿಗಳಿಗೆ ಹಾಕಿ ಬಂದೆ.

ಇನ್ನೂರ ಹನ್ನೆರಡನೆಯ ಪುಟ.
ವೇಲ್ಡನ್ನರ ಕಿರಿಮಗನನ್ನು ಅಲೆ ದಡಕ್ಕೆ ತರುತ್ತದೆ.
ಇಸೋರಾ ಮಂಡಿಯೂರುತ್ತಾಳೆ.
‘ಅವನ ಮುಖ ನಿದ್ದೆಹೋದ ಮಗುವಿನಂತಿತ್ತು.’
ಆ ಸಾಲಿನ ಅಂಚಿಗೆ, ಪೆನ್ಸಿಲಿನಲ್ಲಿ,
ಕಾಗದ ತುಸು ಹರಿಯುವಷ್ಟು ಒತ್ತಿ:
ಹಾಗಿರುವುದಿಲ್ಲ.

ಪುಸ್ತಕ ಮಡಿಲಲ್ಲಿ ಬಹಳ ಹೊತ್ತು ಮಲಗಿತ್ತು.
ಕೊನೆಗೆ ಕೋಟೆ ಉರಿದು, ಎರಡೂ ಮನೆಯವರು
ಬೂದಿಯ ಮೇಲೆ ಕೈಹಿಡಿದುಕೊಂಡರೆಂದು ಕಾಣುತ್ತದೆ.
ನಾನಷ್ಟು ಗಮನ ಕೊಡಲಿಲ್ಲ.

ಅವಳ ಮಾತಿನಡಿಗೆ ನನ್ನ ಗೆರೆ ಎಳೆದೆ.
ಎಳೆದ ಮೇಲೆ ಹೊಳೆಯಿತು:
ಇದನ್ನವಳು ಇನ್ನೆಂದೂ ತೆರೆಯಳು.
ಕೈಗೆತ್ತಿ, ನಲವತ್ತೊಂದಕ್ಕೆ ಹೊರಳಿಸಿ,
ಓದಿಯಾಗಿದೆಯೆಂದು ಕಪಾಟಿಗೆ ತಳ್ಳುತ್ತಾಳೆ.

ಅಡುಗೆಮನೆಯಿಂದ ಬ್ರೆಡ್ಡಿನ ತಿರುಳು ತಂದೆ.
ಮೆಲ್ಲಗೆ ಉಜ್ಜಿದೆ, ಮೊದಲು ಬಾಲ,
ಆಮೇಲೆ ಕೊಕ್ಕೆ.
ಕಥೆ ಮರೆತಿರಬೇಕು ಅವಳಿಗೆ.
ನನ್ನ ವಯಸ್ಸೇ ತಾನೆ ಅವಳದೂ.

ಮೂರು ಗಂಟೆ. ಹೊರಗೆ ಬೆಳಗಾಗಿತ್ತು,
ಅಥವಾ ಇನ್ನೂ ನಿನ್ನೆಯೇ ಇತ್ತು.
ವ್ಯಾನು ಬರುವುದು ಗುರುವಾರ.